‘ಹೊಡೆದರೂ ತಕರಾರಿಲ್ಲ’ ಎಂದು ಬರೆದುಕೊಡಲೇ? ಮಗುವನ್ನು ತಿದ್ದುವುದು ಶಾಲೆಯ ಕೆಲಸವೋ, ಮನೆಯದೋ

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ವರ್ಷ, ಏಳನೇ ತರಗತಿ. ಐದನೆಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ. ಆಗ ಒಂದು ದೂರೂ ಇರಲಿಲ್ಲ. ಹೋದ ವರ್ಷ ದಾವಣಗೆರೆಗೆ ಬಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕಿದೆವು. ಈ ಜೂನ್‌ನಿಂದ ನಾಲ್ಕು ಸಲ ಶಾಲೆಯಿಂದ ಫೋನ್ ಬಂತು. ಮೂರು ಸಲ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಗಲಾಟೆ ಮಾಡಿದ್ದಕ್ಕೆ. ಒಮ್ಮೆ, ಪಕ್ಕದ ಹುಡುಗ ಏನೋ ಅಂದು ನಕ್ಕನೆಂದು ಅವನ ಕಂಪಾಸ್ ಬಾಕ್ಸ್ ಮುರಿದು ಅವನಿಗೂ ಹೊಡೆದಿದ್ದಕ್ಕೆ. ‘ನಾವು ಈಗ ಮಕ್ಕಳನ್ನ ಮುಟ್ಟೋ ಹಾಗೂ ಇಲ್ಲ, ಬೈಯೋ ಹಾಗೂ ಇಲ್ಲ. ನೀವೇ ತಿದ್ದಿಕೊಳ್ಳಿ, ಇಲ್ಲಾಂದ್ರೆ ಟಿ.ಸಿ. ತಗೊಂಡು ಹೋಗಿ’ ಅಂತಾರೆ ಕ್ಲಾಸ್ ಟೀಚರ್. ‘ಅಷ್ಟು ಫೀಸು ಕಟ್ಟೋದು ಯಾಕೆ? ತಿದ್ದೋದು ಅವರ ಕೆಲಸ’ ಅಂತಾರೆ ನಮ್ಮ ಯಜಮಾನರು. ‘ನಾಲ್ಕು ಬಿಟ್ಟರೆ ಎಲ್ಲ ಸರಿ ಹೋಗುತ್ತೆ’ ಅಂತಾರೆ ಮಾವ. ಕೊನೆಗೆ ಹೊಡೆಯೋಳು ನಾನೇ. ಅವನು ಮಲಗಿದ ಮೇಲೆ ಪಕ್ಕದಲ್ಲಿ ಕೂತು ತಲೆ ಸವರುತ್ತಾ ಅಳುತ್ತೇನೆ. ಈ ಶನಿವಾರ ಶಾಲೆಗೆ ಕರೆದಿದ್ದಾರೆ. ‘ಹೊಡೆದರೂ ನಮ್ಮ ತಕರಾರಿಲ್ಲ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಅವರಾದರೂ ದಾರಿಗೆ ತರುತ್ತಾರಾ? ನಿಜವಾಗಿ ಇದು ಯಾರ ಜವಾಬ್ದಾರಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಶನಿವಾರ ಹತ್ತಿರವಿದೆ, ಆದ್ದರಿಂದ ಆ ಪತ್ರದ ಮಾತಿನಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಬರೆದುಕೊಡಬೇಡಿ. ಕಾನೂನಿನ ಮುಂದೆ ಅದಕ್ಕೆ ಬೆಲೆಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ತಂದೆತಾಯಿ ಒಪ್ಪಿದರೆ ಅಡ್ಡಿಯಿಲ್ಲ ಎಂಬ ವಿನಾಯಿತಿ ಅದರಲ್ಲಿಲ್ಲ. ನೀವು ಸಹಿ ಹಾಕಿ, ಅವರು ಹೊಡೆದು, ಏಟು ಬೀಳಬಾರದ ಕಡೆ ಬಿದ್ದರೆ ಆ ಕಾಗದ ಶಿಕ್ಷಕಿಯನ್ನೂ ಉಳಿಸುವುದಿಲ್ಲ, ನಿಮ್ಮ ಮಗನನ್ನೂ ಉಳಿಸುವುದಿಲ್ಲ.

ನಿಮ್ಮ ಸಂಕಟ ನನಗೆ ಹೊಸದಲ್ಲ. ಹನ್ನೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಮನಃಶಾಸ್ತ್ರ ಓದಿ, ಹದಿನೆಂಟು ವರ್ಷಗಳಿಂದ ಮಕ್ಕಳ ಆಪ್ತಸಮಾಲೋಚಕಿಯಾಗಿದ್ದೇನೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಪ್ರತಿ ಜೂನ್‌ಗೂ ಯಾರಾದರೊಬ್ಬ ಅಪ್ಪ ಮಗನ ರಟ್ಟೆ ಹಿಡಿದು ತಂದು ನಿಲ್ಲಿಸುತ್ತಿದ್ದರು: ‘ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಟೀಚರ್, ನಿಮ್ದೇ ಮಗ ಅನ್ಕೊಳ್ಳಿ’. ಅದು ನಂಬಿಕೆಯ ಮಾತು, ಅನುಮಾನವೇ ಇಲ್ಲ. ಆದರೆ ಆ ಗಳಿಗೆಯಲ್ಲಿ ಹುಡುಗನ ಮುಖ ಹೇಗಿರುತ್ತಿತ್ತು ಎಂದು ನಾನು ನೋಡಿದ್ದೇನೆ. ತನ್ನನ್ನು ಕಾಯಬೇಕಾದವರೇ ತನ್ನ ಮೈಯನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟರೆಂದು ಅವನಿಗೆ ಅಲ್ಲೇ ತಿಳಿದುಹೋಗುತ್ತಿತ್ತು.

ಈಗ ಯಾರ ಜವಾಬ್ದಾರಿ ಎಂಬುದಕ್ಕೆ ಬರೋಣ. ತಪ್ಪು ಎಲ್ಲಿ ನಡೆಯಿತೋ ಅಲ್ಲೇ, ಆಗ ಎದುರಿಗಿದ್ದ ದೊಡ್ಡವರೇ ಅದನ್ನು ತಿದ್ದಿ ಮುಗಿಸಬೇಕು. ಶಾಲೆಯದು ಶಾಲೆಯಲ್ಲಿ, ಮನೆಯದು ಮನೆಯಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದದ್ದು ಸುದ್ದಿ ಮಾತ್ರ, ಶಿಕ್ಷೆ ಹೋಗಬಾರದು. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದನ್ನು ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಗಲಾಟೆ ಮಾಡಿದ. ತರಗತಿಯ ಹೊರಗೆ ನಿಲ್ಲಿಸಿದರು. ಮಧ್ಯಾಹ್ನ ನಿಮಗೆ ಫೋನ್ ಬಂತು. ಸಂಜೆ ಐದಕ್ಕೆ ಅವನು ಚಪ್ಪಲಿ ಬಿಡುವ ಮೊದಲೇ ಏಟು ಬಿತ್ತು. ರಾತ್ರಿ ಅಪ್ಪ ಬಂದ ಮೇಲೆ ಅದೇ ಪಂಚಾಯಿತಿ ಮತ್ತೊಮ್ಮೆ. ಒಂದೇ ತಪ್ಪಿಗೆ ಮೂರು ಶಿಕ್ಷೆ, ಅದರಲ್ಲೂ ಎರಡು ಆ ತಪ್ಪನ್ನು ಕಣ್ಣಾರೆ ಕಾಣದವರಿಂದ. ಹೀಗೆ ನಾಲ್ಕಾರು ಸಲ ಆದರೆ ಮಗು ಕಲಿಯುವುದು ಒಂದೇ: ಶಾಲೆಯ ಸುದ್ದಿ ಮನೆ ಮುಟ್ಟಬಾರದು. ಡೈರಿಯ ಹಾಳೆ ಹರಿಯುವುದು, ಅಪ್ಪನ ಸಹಿ ತಾನೇ ಹಾಕುವುದು, ಪೋಷಕರ ಸಭೆಯ ಚೀಟಿ ಚೀಲದ ತಳದಲ್ಲೇ ಉಳಿಯುವುದು, ಇವೆಲ್ಲ ಶುರುವಾಗುವುದು ಅಲ್ಲಿಂದ. ನನ್ನ ಬಳಿಗೆ ‘ಸುಳ್ಳು ಹೇಳುತ್ತಾನೆ’ ಎಂದು ಕರೆತರುವ ಮಕ್ಕಳಲ್ಲಿ ಬಹಳ ಮಂದಿ, ನಿಜ ಹೇಳಿದ ದಿನ ಹೆಚ್ಚು ಪೆಟ್ಟು ತಿಂದವರು.

ನಿಮ್ಮ ಸುತ್ತ ಓಡಾಡುತ್ತಿರುವ ಕೆಲವು ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

‘ಮುಟ್ಟೋ ಹಾಗಿಲ್ಲ, ಬೈಯೋ ಹಾಗೂ ಇಲ್ಲ’ ಎಂಬುದರಲ್ಲಿ ಅರ್ಧ ನಿಜ. ಹೊಡೆಯುವುದು, ಬಸ್ಕಿ ಹೊಡೆಸುವುದು, ಮೊಣಕಾಲೂರಿಸುವುದು, ಜಾತಿ ಹಿಡಿದು, ಬಡತನ ಹಿಡಿದು, ಮೈಬಣ್ಣ ಹಿಡಿದು ಹೀಯಾಳಿಸುವುದು ನಿಷಿದ್ಧ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ತನ್ನ ಸುಪರ್ದಿನಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಇದು ಶಿಕ್ಷಕರಿಗೆ ಗೊತ್ತು, ಹಾಗಾಗಿ ಹೆದರಿದ್ದಾರೆ. ಆದರೆ ಗದರುವುದನ್ನು, ಜಾಗ ಬದಲಿಸುವುದನ್ನು, ಬಿಡುವಿನಲ್ಲಿ ಕೂರಿಸಿ ಮಾತಾಡುವುದನ್ನು, ಕ್ಷಮೆ ಕೇಳಿಸುವುದನ್ನು, ಹಾಳು ಮಾಡಿದ್ದನ್ನು ಸರಿಮಾಡಿಸುವುದನ್ನು ಯಾವ ಕಾನೂನೂ ತಡೆದಿಲ್ಲ. ಕೋಲನ್ನು ಕಿತ್ತುಕೊಂಡೆವು, ಅದರ ಬದಲಿಗೆ ಏನು ಮಾಡಬೇಕೆಂದು ಶಿಕ್ಷಕರಿಗೆ ಸರಿಯಾಗಿ ಕಲಿಸಲಿಲ್ಲ. ಈ ಕೊರತೆ ನಿಜ. ಅದಕ್ಕೆ ನಿಮ್ಮ ಕ್ಲಾಸ್ ಟೀಚರ್ ಒಬ್ಬರನ್ನೇ ದೂರುವುದು ನನ್ನಿಂದಾಗದು. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಐವತ್ತು ಅರವತ್ತು ಮಕ್ಕಳ ಕೋಣೆಯಲ್ಲಿ ನಿಂತು ನೋಡಿದವರಿಗೆ ಅವರ ಕಷ್ಟ ಗೊತ್ತಾಗುತ್ತದೆ.

ಟಿ.ಸಿ. ಮಾತಿಗೆ ಹೆದರಬೇಡಿ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಮಾತ್ರ ಸುಪ್ರೀಂ ಕೋರ್ಟ್ 2014ರ ತೀರ್ಪಿನಲ್ಲಿ ಈ ಕಾಯ್ದೆಯಿಂದ ಹೊರಗಿಟ್ಟಿತು. ಆದರೆ ಶನಿವಾರ ಹೋಗಿ ಸೆಕ್ಷನ್ ಸಂಖ್ಯೆ ಹೇಳಿ ಮಾತು ಶುರು ಮಾಡಬೇಡಿ. ತಿಳಿದಿರಲಿ, ಮನಸ್ಸಿನಲ್ಲಿರಲಿ. ಬಲವಂತ ಮಾಡಿದರೆ ಆಗ ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುವ ದಾರಿ ಇದ್ದೇ ಇದೆ.

ನಿಮ್ಮ ಮಾವ ಹೇಳುವ ‘ನಾಲ್ಕು ಬಿಟ್ಟರೆ’ ಎಂಬ ಮಾತು ಅವರೊಬ್ಬರದಲ್ಲ. ಛಡಿ ಚಂ ಚಂ, ವಿದ್ಯೆ ಘಂ ಘಂ ಎಂದು ಹಾಡಿಕೊಂಡೇ ಬೆಳೆದ ತಲೆಮಾರು ಅದು. ‘ಲಾಲಯೇತ್ ಪಂಚವರ್ಷಾಣಿ ದಶವರ್ಷಾಣಿ ತಾಡಯೇತ್’ ಎಂಬ ಶ್ಲೋಕವನ್ನೂ ಅವರು ಹೇಳಬಹುದು. ಐದು ವರ್ಷ ಮುದ್ದಿಸು, ಹತ್ತು ವರ್ಷ ಹೊಡೆ ಎಂದೇ ಅದರ ಅರ್ಥ. ತಿರುಚಿ ಸುಂದರ ಮಾಡಿ ಹೇಳಲು ನಾನು ಹೋಗುವುದಿಲ್ಲ. ಆದರೆ ಅದರ ಮುಂದಿನ ಸಾಲಿನಲ್ಲಿ, ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣು ಎಂದೂ ಇದೆ. ಹತ್ತು ವರ್ಷ ಹೊಡೆಸಿಕೊಂಡವನು ಹದಿನಾರರ ಹುಟ್ಟುಹಬ್ಬದ ಬೆಳಿಗ್ಗೆ ಎದ್ದು ಗೆಳೆಯನಾಗಿಬಿಡುತ್ತಾನೆಯೇ? ನನ್ನ ಮುಂದೆ ಬಂದು ಕೂರುವ ಹದಿನಾರರ ಹುಡುಗರು ಅಪ್ಪನ ಜೊತೆ ಊಟಕ್ಕೂ ಕೂರುವುದಿಲ್ಲ.

‘ನಾವು ಏಟು ತಿಂದೇ ಉದ್ಧಾರ ಆದೆವು’ ಎನ್ನುವವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಜೊತೆ ಒಂದನೇ ತರಗತಿಗೆ ಸೇರಿದವರಲ್ಲಿ ಏಟಿಗೆ ಹೆದರಿ ಶಾಲೆ ಬಿಟ್ಟವರೆಷ್ಟು? ತೋಟದ ಬೇಲಿಯ ಹಿಂದೆ, ಕೆರೆ ಏರಿಯ ಮೇಲೆ ದಿನ ಕಳೆದು ಕೊನೆಗೆ ದನ ಕಾಯಲು ಹೋದವರು? ಎಲ್ಲರಿಗೂ ಒಬ್ಬಿಬ್ಬರ ಹೆಸರು ನೆನಪಾಗುತ್ತದೆ. ಏಟಿನ ಗುಣಗಾನ ಮಾಡಲು ಉಳಿದವರು ಏಟು ತಾಳಿಕೊಂಡವರು. ತಾಳಲಾರದೆ ಹೋದವರನ್ನು ಯಾರೂ ಕೇಳಲಿಲ್ಲ.

ಏಟಿನಿಂದ ಆ ಕ್ಷಣಕ್ಕೆ ಸದ್ದು ನಿಲ್ಲುತ್ತದೆ, ಅದು ಸುಳ್ಳಲ್ಲ. ನಾನೂ ಮೊದಲ ಎರಡು ವರ್ಷ ಮೇಜಿನ ಮೇಲೆ ಹುಣಸೆ ಬರಲು ಇಟ್ಟುಕೊಂಡಿದ್ದೆ. ನನ್ನ ತರಗತಿ ಇಡೀ ಶಾಲೆಯಲ್ಲೇ ಶಾಂತ ತರಗತಿ ಎಂದು ಮುಖ್ಯೋಪಾಧ್ಯಾಯರು ಹೊಗಳುತ್ತಿದ್ದರು. ಒಮ್ಮೆ ಜ್ವರ ಬಂದು ಮೂರು ದಿನ ರಜೆ ಹಾಕಿದೆ. ನನ್ನ ಬದಲು ಹೋದ ಸಹೋದ್ಯೋಗಿ ಬರಲು ಹಿಡಿಯುವವರಲ್ಲ. ಆ ಮೂರು ದಿನ ಮಕ್ಕಳು ಅವರನ್ನು ಮಾತಾಡಲೂ ಬಿಡಲಿಲ್ಲವಂತೆ. ಎರಡನೇ ದಿನ ಒಬ್ಬಳ ಜಡೆ ಕತ್ತರಿಸಿದ್ದರು. ನಾನು ಶಿಸ್ತು ಎಂದುಕೊಂಡಿದ್ದು ಬರಲಿನ ಹೆದರಿಕೆ ಮಾತ್ರ, ಮಕ್ಕಳೊಳಗೆ ಏನೂ ಇಳಿದಿರಲಿಲ್ಲ ಎಂದು ಆಗ ತಿಳಿಯಿತು. ಆ ವಾರವೇ ಬರಲನ್ನು ಬಿಟ್ಟೆ. ಮುಂದಿನ ಮೂರು ನಾಲ್ಕು ತಿಂಗಳು ತರಗತಿ ಸಂತೆಯಂತಿತ್ತು ಎಂಬುದನ್ನೂ ಹೇಳಬೇಕು. ಬಿಟ್ಟ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ನಿಮ್ಮ ಮನೆಯಲ್ಲೂ ಹೋಗುವುದಿಲ್ಲ.

ಸಂಶೋಧನೆಯ ಮಾತೂ ಇದನ್ನೇ ಹೇಳುತ್ತದೆ. ಐವತ್ತು ವರ್ಷಗಳಲ್ಲಿ ನಡೆದ 75 ಅಧ್ಯಯನಗಳನ್ನು, ಸುಮಾರು 1 ಲಕ್ಷ 60 ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟುಮಾಡಿ ಅಮೆರಿಕದ ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಅವರು ನೋಡಿದ್ದು ಬೆಲ್ಟು, ಬೆತ್ತದ ಹೊಡೆತವನ್ನಲ್ಲ, ಹೆತ್ತವರು ಬರಿಗೈಯಲ್ಲಿ ಕೊಡುವ ‘ಸಾಧಾರಣ’ ಏಟನ್ನು. ಅದರಿಂದ ಮಕ್ಕಳು ಹೆಚ್ಚು ವಿಧೇಯರಾದದ್ದು ಕಾಣಲಿಲ್ಲ. ಸಿಟ್ಟು, ಹಟ, ಮನೋವ್ಯಾಕುಲತೆ ಹೆಚ್ಚಿದ್ದು ಕಂಡಿತು. ತುಂಟ ಮಗು ಹೆಚ್ಚು ಏಟು ತಿನ್ನುತ್ತದೋ, ಏಟು ತಿಂದ ಮಗು ಹೆಚ್ಚು ತುಂಟನಾಗುತ್ತದೋ ಎಂಬುದನ್ನು ಇಂಥ ಲೆಕ್ಕದಿಂದಲೇ ಪೂರ್ತಿ ಬಿಡಿಸಲಾಗದು. ಆದರೆ ಏಟಿನಿಂದ ಲಾಭ ಕಾಣಲಿಲ್ಲ ಎಂಬುದು ನನಗೆ ಸಾಕು. ನಮ್ಮ ದೇಶದ ಮಾತು ಹೇಳುವುದಾದರೆ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ, ಶಾಲೆಗೆ ಹೋಗುವವರಲ್ಲಿ ಶೇ 65ರಷ್ಟು ಮಕ್ಕಳು ಶಾಲೆಯಲ್ಲಿ ಪೆಟ್ಟು ತಿಂದಿದ್ದಾಗಿ ಹೇಳಿದ್ದರು. ಮನೆಯಲ್ಲೂ ಶಾಲೆಯಲ್ಲೂ ಧಾರಾಳವಾಗಿ ಹೊಡೆಯುತ್ತಿದ್ದ ಆ ಕಾಲದಲ್ಲೂ ‘ಈಗಿನ ಮಕ್ಕಳಿಗೆ ಭಯಭಕ್ತಿಯಿಲ್ಲ’ ಎಂಬ ಗೊಣಗಾಟ ನನಗೆ ದಿನವೂ ಕೇಳಿಸುತ್ತಿತ್ತು.

ಇನ್ನು ನಿಮ್ಮ ಮಗನ ವಿಚಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಐದನೆಯವರೆಗೆ ದೂರಿಲ್ಲ. ನಾಲ್ಕರಲ್ಲಿ ಮೂರು ದೂರು ಒಂದೇ ಪೀರಿಯಡ್‌ನವು. ಗಣಿತದಲ್ಲಿ ಗಲಾಟೆಯಿಲ್ಲ, ಆಟದ ಪೀರಿಯಡ್‌ನಲ್ಲಿಲ್ಲ. ಶನಿವಾರ ಒಂದು ಮಾತು ಕೇಳಿ: ಸಮಾಜ ವಿಜ್ಞಾನದಲ್ಲಿ ಮಕ್ಕಳಿಂದ ಪಾಠ ಗಟ್ಟಿಯಾಗಿ ಓದಿಸುತ್ತಾರೆಯೇ? ಬಹಳ ಶಾಲೆಗಳಲ್ಲಿ ಸಾಲಾಗಿ ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ ಓದಿಸುತ್ತಾರೆ. ಕನ್ನಡದಲ್ಲಿ ಐದು ವರ್ಷ ಓದಿ ಬಂದ ಹುಡುಗ, ಉದ್ದುದ್ದ ಇಂಗ್ಲಿಷ್ ಪದಗಳ ಆ ಪ್ಯಾರಾ ತನ್ನ ಬೆಂಚಿನತ್ತ ಬರುತ್ತಿರುವುದನ್ನು ನೋಡುತ್ತಾ ಕೂತಿರುತ್ತಾನೆ. ತಡವರಿಸಿದರೆ ನಗುತ್ತಾರೆ. ಅದಕ್ಕೆ ಮೊದಲೇ ಗಲಾಟೆ ಮಾಡಿದರೆ ಹೊರಗೆ ಕಳಿಸುತ್ತಾರೆ. ಹನ್ನೆರಡರ ಹುಡುಗನಿಗೆ ‘ಪುಂಡ’ ಎನಿಸಿಕೊಳ್ಳುವುದು ‘ದಡ್ಡ’ ಎನಿಸಿಕೊಳ್ಳುವುದಕ್ಕಿಂತ ಎಷ್ಟೋ ಸಲೀಸು. ಪಕ್ಕದ ಹುಡುಗ ‘ಏನೋ ಅಂದು ನಕ್ಕ’ ಎಂದು ನೀವು ಬರೆದಿದ್ದೀರಿ. ಏನಂದ ಎಂದು ಮಗನನ್ನು ಕೇಳಿದಿರಾ? ನನ್ನ ಊಹೆ ತಪ್ಪಿರಬಹುದು. ಮಗುವನ್ನು ಕಾಣದೆ ದೂರದಿಂದ ತೀರ್ಪು ಕೊಡಲಾರೆ. ಆದರೆ ಇದೇ ಕತೆಯ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಅವರಿಗೆ ಬೇಕಾದದ್ದು ದಿನಕ್ಕೆ ಇಪ್ಪತ್ತು ನಿಮಿಷ ಯಾರಾದರೂ ಜೊತೆಗೆ ಕೂತು ಮಾರನೆಯ ದಿನದ ಪ್ಯಾರಾವನ್ನು ಮೊದಲೇ ಓದಿಸುವುದು.

ಇದರ ಜೊತೆಗೆ ಕಣ್ಣು, ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದೆ ಪಕ್ಕದವನ ಪುಸ್ತಕಕ್ಕೆ ಬಗ್ಗುವ ಮಗುವೂ ಗಲಾಟೆಯ ಮಗುವಿನಂತೆಯೇ ಕಾಣುತ್ತದೆ. ನಿದ್ದೆಯನ್ನು ಗಮನಿಸಿ, ಈ ವಯಸ್ಸಿಗೆ ದಿನಕ್ಕೆ ಕನಿಷ್ಠ 9 ಗಂಟೆ ಬೇಕು. ಎ.ಡಿ.ಎಚ್.ಡಿ. (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದೇ ಎಂದು ನೆಂಟರು ಯಾರಾದರೂ ಹೆದರಿಸಿದರೆ ಇಷ್ಟು ನೆನಪಿಡಿ: ಅದರ ಲಕ್ಷಣಗಳು ಚಿಕ್ಕಂದಿನಿಂದಲೇ ಇರುತ್ತವೆ, ಮನೆ, ಶಾಲೆ ಎರಡೂ ಕಡೆ ಕಾಣುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ಒಂದೇ ಪೀರಿಯಡ್‌ಗೆ ಬಂದು ಹೋಗುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಎರಡನ್ನು ಬೇಗ ಮುಗಿಸುತ್ತೇನೆ. ಶಾಲೆ ಬದಲಿಸಿದರೆ ಓದಿನ ಕಷ್ಟ ಅವನ ಚೀಲದಲ್ಲೇ ಹೊಸ ಶಾಲೆಗೂ ಹೋಗುತ್ತದೆ, ಈ ಸಲ ಗೆಳೆಯರೂ ಇಲ್ಲದ ಕಡೆಗೆ. ಮಾಧ್ಯಮವನ್ನೇ ಮತ್ತೆ ಕನ್ನಡಕ್ಕೆ ಬದಲಿಸುವುದಾದರೆ ಮಾತು ಬೇರೆ, ಅದನ್ನು ಅವನನ್ನು ಕೇಳಿಯೇ ಯೋಚಿಸಿ. ಅದರಲ್ಲಿ ಅವಮಾನ ಏನೂ ಇಲ್ಲ. ಹಾಸ್ಟೆಲಿಗೆ ಹಾಕುತ್ತೇವೆ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಈ ವಯಸ್ಸಿನಲ್ಲಿ ತಪ್ಪಿಗೆ ಶಿಕ್ಷೆಯಾಗಿ ಮನೆಯಿಂದ ದೂರ ಕಳಿಸಿದ್ದನ್ನು ಮಕ್ಕಳು ಮರೆಯುವುದಿಲ್ಲ.

ಏನೂ ಮಾಡದೆ ಬಿಡುವುದೂ ಒಂದು ದಾರಿಯೇ, ಅದರ ಅಪಾಯ ಹೊಡೆತದಷ್ಟೇ ದೊಡ್ಡದು. ಹೊಡೆಯಬೇಡಿ ಎಂದ ತಕ್ಷಣ ಕೆಲವರು ಅದಕ್ಕೆ ಬಂದು ನಿಲ್ಲುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಹೆತ್ತವರ ರೀತಿಗಳನ್ನು ವಿಂಗಡಿಸಿದಾಗ, ಬರೀ ದರ್ಪ ಮಾಡುವವರ ಜೊತೆಗೆ ಬರೀ ಸಲುಗೆ ಕೊಡುವವರನ್ನೂ ಬೇರೆಯಾಗಿಟ್ಟರು. ಅಕ್ಕರೆಯೂ ಇದ್ದು ಕಟ್ಟುಪಾಡೂ ಇದ್ದ ಮನೆಯ ಮಕ್ಕಳೇ ಚೆನ್ನಾಗಿ ಬೆಳೆದದ್ದನ್ನು ಕಂಡರು. ನಿಮ್ಮ ಮಗ ಇನ್ನೊಬ್ಬನಿಗೆ ಹೊಡೆದಿದ್ದಾನೆ, ಅವನ ವಸ್ತು ಮುರಿದಿದ್ದಾನೆ. ಕಾರಣ ಏನೇ ಇರಲಿ, ಅದನ್ನು ಅವನು ತುಂಬಿಕೊಡಲೇಬೇಕು. ಕಂಪಾಸ್ ಬಾಕ್ಸ್‌ನ ದುಡ್ಡು ಅವನ ಹುಂಡಿಯಿಂದಲೇ ಬರಲಿ, ಹಬ್ಬಕ್ಕೆ ಅಜ್ಜ ಕೊಟ್ಟ ನೋಟಾದರೂ ಸರಿ. ಅಂಗಡಿಗೆ ಅವನೇ ಹೋಗಲಿ, ತಂದು ಅವನೇ ಕೊಡಲಿ, ಟೀಚರ್ ಮುಂದೆ ‘ಹೊಡೆದದ್ದು ತಪ್ಪು’ ಎನ್ನಲಿ. ನಕ್ಕ ಹುಡುಗನ ಜೊತೆ ಮಾತಾಡುವುದು ಟೀಚರ್ ಕೆಲಸ, ಅದನ್ನು ಅವರಿಗೆ ನೆನಪಿಸಿ. ಇದು ಏಟಿಗಿಂತ ಅವನಿಗೆ ಕಷ್ಟವಾಗುತ್ತದೆ. ಏಟು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಅದು ಮುಗಿದ ಮೇಲೆ ಲೆಕ್ಕ ಚುಕ್ತಾ ಆಯಿತೆಂದು ಮಗು ಎದ್ದು ಹೋಗುತ್ತದೆ.

ನಿಮ್ಮ ಯಜಮಾನರಿಗೆ ಒಂದು ಮಾತು. ಫೀಸು ಪಾಠಕ್ಕೆ ಸಲ್ಲುತ್ತದೆ. ಶಾಲೆಯ ಗೋಡೆಯೊಳಗಿನ ನಡತೆಗೂ ಸ್ವಲ್ಪ ಸಲ್ಲುತ್ತದೆ ಎನ್ನಿ. ಆದರೆ ನಲವತ್ತೈದು ನಿಮಿಷದ ಪೀರಿಯಡ್‌ನಲ್ಲಿ ಟೀಚರಿಗೆ ನಿಮ್ಮ ಮಗನ ಪಾಲಿಗೆ ಸಿಗುವುದು ಒಂದು ನಿಮಿಷ. ಸಿಟ್ಟು ಬಂದಾಗ ಏನು ಮಾಡಬೇಕು, ಸೋತಾಗ ಹೇಗೆ ಏಳಬೇಕು ಎಂಬುದನ್ನು ಗಂಡುಮಗು ನೋಡಿ ಕಲಿಯುವುದು ಅಪ್ಪನನ್ನು. ಶನಿವಾರ ಅರ್ಧ ದಿನ ರಜೆ ಹಾಕಿ ಅವರೂ ಬರಲಿ. ದೂರು ಕೇಳಲು, ಹೊಡೆಯಲು, ಅಳಲು ನೀವೊಬ್ಬರೇ ಇರುವುದು ಈ ಇಡೀ ಕತೆಯಲ್ಲಿ ನನಗೆ ಅತಿ ಅನ್ಯಾಯವಾಗಿ ಕಂಡದ್ದು.

ನೀವು ಈಗಾಗಲೇ ಹೊಡೆದಿದ್ದೀರಿ, ಅದಕ್ಕಾಗಿ ನಿಮ್ಮನ್ನೇ ಹಿಂಸಿಸಿಕೊಳ್ಳುತ್ತಿದ್ದೀರಿ. ಮಲಗಿದ ಮೇಲೆ ತಲೆ ಸವರಿದ್ದು ಅವನಿಗೆ ಗೊತ್ತಾಗುವುದಿಲ್ಲ. ಎಚ್ಚರವಿದ್ದಾಗ ಪಕ್ಕ ಕೂತು ಹೇಳಿ: ‘ಹೊಡೆದದ್ದು ತಪ್ಪಾಯ್ತು, ಇನ್ನು ಹೊಡೆಯೋಲ್ಲ. ಆದರೆ ನೀನು ಮಾಡಿದ್ದನ್ನ ಸರಿಮಾಡೋದು ನಿನ್ನ ಕೆಲಸ, ನಾನು ಜೊತೆಗಿರ್ತೀನಿ’. ಹೀಗೆ ಹೇಳಿದರೆ ಮಗು ತಲೆ ಮೇಲೆ ಕೂರುತ್ತದೆ ಎಂದು ಮಾವ ಅನ್ನಬಹುದು. ಮೊದಲ ಎರಡು ವಾರ ಪರೀಕ್ಷೆ ಮಾಡಿ ನೋಡುತ್ತಾನೆ, ಹೌದು. ನಿಜವಾಗಿಯೂ ಹೊಡೆಯುವುದಿಲ್ಲವೋ ನೋಡೋಣ ಎಂದು ಬೇಕೆಂದೇ ಕೆಣಕುತ್ತಾನೆ. ಆಗ ಕೈ ಏಳುವಂತಾದರೆ ಕೋಣೆಯಿಂದ ಹೊರಗೆ ಹೋಗಿ ನೀರು ಕುಡಿದು ಬನ್ನಿ.

ಎರಡು ತಿಂಗಳಾದರೂ ಹೊಡೆದಾಟ ನಿಲ್ಲದಿದ್ದರೆ, ಊಟ ನಿದ್ದೆ ಕೆಟ್ಟರೆ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಶಾಲೆಯಲ್ಲಿ ಯಾರಾದರೂ ಹೊಡೆದರೆ 1098 ಮಕ್ಕಳ ಸಹಾಯವಾಣಿ ಇದೆ.

ಇನ್ನು ಶನಿವಾರ. ಸಹಿ ಹಾಕಬೇಕೆಂದುಕೊಂಡಿದ್ದ ಹಾಳೆಯನ್ನು ಎಸೆಯಬೇಡಿ, ಅದರಲ್ಲಿ ಬೇರೆ ಮಾತು ಬರೆಯಿರಿ. ‘ನಮ್ಮ ಮಗ ಐದನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಲು ಹೆದರುತ್ತಾನೆ ಎಂದು ನಮಗನಿಸುತ್ತದೆ. ಎರಡು ತಿಂಗಳು ಅವನಿಂದ ಓದಿಸುವ ಪ್ಯಾರಾ ಯಾವುದೆಂದು ಹಿಂದಿನ ದಿನ ಹೇಳಿದರೆ ಮನೆಯಲ್ಲಿ ಓದಿಸಿ ಕಳಿಸುತ್ತೇವೆ. ತರಗತಿಯಲ್ಲಿ ತಪ್ಪು ಮಾಡಿದರೆ ಹೊಡೆಯದೆ, ಹೀಯಾಳಿಸದೆ ಅಲ್ಲೇ ತಿದ್ದಿ, ಅದಕ್ಕೆ ನಮ್ಮ ಬೆಂಬಲವಿದೆ. ಏನಾಯಿತೆಂದು ಅದೇ ದಿನ ನಮಗೆ ತಿಳಿಸಿ. ಅದೇ ತಪ್ಪಿಗೆ ಮನೆಯಲ್ಲಿ ಮತ್ತೆ ಶಿಕ್ಷೆ ಕೊಡುವುದಿಲ್ಲ. ವಾರಕ್ಕೊಂದು ಸಲ ಅವನು ಸರಿಯಾಗಿ ನಡೆದುಕೊಂಡ ಒಂದು ಸಂಗತಿಯನ್ನೂ ತಿಳಿಸಿ.’ ಕೆಳಗೆ ತಂದೆ ತಾಯಿ ಇಬ್ಬರೂ ಸಹಿ ಹಾಕಿ, ಫೋನ್ ನಂಬರ್ ಇಬ್ಬರದೂ ಕೊಡಿ. ಕೊಡುವ ಮೊದಲು, ಶುಕ್ರವಾರ ರಾತ್ರಿ, ಅದನ್ನು ಮಗನಿಗೆ ಒಮ್ಮೆ ಓದಿ ಹೇಳಿ. ಯಾವ ಸಾಲಾದರೂ ಸರಿಯಿಲ್ಲ ಎಂದು ಅವನು ಹೇಳಿದರೆ ತಿದ್ದಿ.